ಪ್ರಮಾಣಪತ್ರವೂ ಪ್ರಾಮಾಣಿಕತೆಯೂ

ವಿದೇಶಕ್ಕೆ ಹೋಗತಕ್ಕವನು ತಾನು ಇಂತಹ ರೋಗಕ್ಕೆ ಲಸಿಕೆ ಹಾಕಿಸಿಕೊಂಡಿರುವೆನೆಂಬುದಕ್ಕೆ ಸಾಕ್ಷಿಯಾಗಿ ಒಂದು ಪತ್ರವನ್ನು ಜೊತೆಯಲ್ಲಿ ಕೊಂಡೊಯ್ಯಬೇಕೆಂಬ ನಿಯಮವು ಅನೇಕ ದೇಶಗಳಲ್ಲಿ ಉಂಟು. ಇದು ಸರಕಾರದವರ ಆಡಳಿತಕ್ಕೆ ಸೇರಿದ ಸಂಗತಿಯೇ ಹೊರತು ಧರ್ಮಾಧರ್ಮವಿಚಾರಕ್ಕೆ ಸೇರಿದ್ದಲ್ಲವೆಂದು ವಾಚಕರು ಎಣಿಸಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಆದರೆ ಕಳೆದ ಆಷಾಢಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಕೇಳಿದ ಒಂದು ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ಹೇಳಲಾರದೆ ನಾನು ತಲೆ ತಗ್ಗಿಸಬೇಕಾಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನಿಗೆ ಇದು ಸಣ್ಣ ಸಂಗತಿಯಲ್ಲ. ಆದುದರಿಂದ ಆ ಪ್ರಶ್ನೆಯನ್ನೂ, ಆಮೇಲೆ ನನಗೆ ತೋರಿದ ಸಮಾಧಾನವನ್ನೂ ಇಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.

ನಮ್ಮದು ಬೆಂಗಳೂರಿನ ಉತ್ತರಕ್ಕಿರುವ ಬಾಗಲೂರು. ೨೦೦೮ನೆಯ ಇಸವಿ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾದಂದಿನಿಂದ ನಮ್ಮ ತಲೆಯ ಮೇಲೆ ಹಗಲಿರುಳೂ ವಿಮಾನಗಳು ಹಾರುತ್ತಿವೆ. ಮೊದಮೊದಲು ಹೊಲದಲ್ಲಿದ್ದವರು ಕಳೆ ಕೀಳುವುದನ್ನು ನಿಲ್ಲಿಸಿ ಆಕಾಶವನ್ನು ನೋಡುತ್ತಿದ್ದರು. ಈಗ ಹಸುಗೂಸುಗಳೂ ನೋಡುವುದಿಲ್ಲ. ಆ ಹೊಲಗಳಲ್ಲಿ ಎಷ್ಟೋ ಮಾರಾಟವಾಗಿಹೋದವು. ಹೊಲ ಮಾರಿದವರ ಮಕ್ಕಳಲ್ಲಿ ಕೆಲವರು ಅದೇ ವಿಮಾನಗಳಲ್ಲಿ ಕುಳಿತು ಜೀವನೋಪಾಯಕ್ಕಾಗಿ ದೂರದೇಶಗಳಿಗೆ ಹೋಗುತ್ತಿದ್ದಾರೆ. ನಾನು ಹೇಳಿದ ಶಿಷ್ಯನೂ ಅಂಥವನೊಬ್ಬನು. ಯಂತ್ರಗಳನ್ನು ಜೋಡಿಸುವ ಕೆಲಸದಲ್ಲಿ ನುರಿತವನು. ಆಫ್ರಿಕಾ ಖಂಡದ ಉಗಾಂಡಾ ದೇಶದ ಕಂಪಾಲಾ ನಗರದಲ್ಲಿ ಅವನಿಗೆ ಕೆಲಸವು ದೊರೆತಿದ್ದಿತು. ವಿಮಾನದ ಟಿಕೆಟ್ಟೂ ಬಂದಿದ್ದಿತು. ಹೊರಡುವುದಕ್ಕೆ ಇನ್ನು ಎಂಟು ದಿನ ಮಾತ್ರ ಉಳಿದಿದ್ದವು.

ಆ ದೇಶದಲ್ಲಿ ಹಳದಿ ಜ್ವರವೆಂಬ ಮಾರಿಯುಂಟು. ಅಲ್ಲಿಗೆ ಹೋಗುವವರು ಅದಕ್ಕೆ ಲಸಿಕೆ ಹಾಕಿಸಿಕೊಂಡು, ಹಳದಿ ಬಣ್ಣದ ಸಣ್ಣ ಪುಸ್ತಿಕೆಯೊಂದರಲ್ಲಿ ವೈದ್ಯರ ಸಹಿಯನ್ನೂ ಮೊಹರನ್ನೂ ಪಡೆದು, ಗಡಿಯಲ್ಲಿ ತೋರಿಸತಕ್ಕದ್ದು. ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ. ಸರಕಾರವು ಗೊತ್ತುಮಾಡಿದ ಕೆಲವೇ ಸ್ಥಳಗಳಲ್ಲಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಅಂತಹ ಒಂದು ಸ್ಥಳ. ಆದರೆ ಹಾಕಿಸಿಕೊಂಡ ದಿನವೇ ಪತ್ರಕ್ಕೆ ಬಲ ಬರುವುದಿಲ್ಲ. ಹತ್ತು ದಿನ ಕಳೆದ ಮೇಲೆಯೇ ಅದು ಊರ್ಜಿತವಾಗತಕ್ಕದ್ದು. ಏತಕ್ಕೆಂದರೆ ಶರೀರದಲ್ಲಿ ರಕ್ಷಣೆಯು ಸಿದ್ಧವಾಗುವುದಕ್ಕೆ ಅಷ್ಟು ಕಾಲ ಹಿಡಿಯುತ್ತದೆ. ನಮ್ಮ ಹುಡುಗನಿಗೆ ಇದು ತಡವಾಗಿ ತಿಳಿಯಿತು. ಎಂಟು ದಿನಕ್ಕೂ ಹತ್ತು ದಿನಕ್ಕೂ ಇರುವ ಅಂತರವು ಅವನ ಪಾಲಿಗೆ ಸಮುದ್ರವಾಯಿತು. ಆಗ ದಲ್ಲಾಳಿಯೊಬ್ಬನು ಉಪಾಯ ಹೇಳಿದನು: ಲಸಿಕೆಯನ್ನು ಹಾಕಿಸಿಕೊಳ್ಳಲಿ, ಪುಸ್ತಿಕೆಯನ್ನು ಮಾತ್ರ ತಾನು ಬೇರೆ ಕಡೆಯಿಂದ ತರಿಸಿಕೊಡುವೆನು, ಅದರಲ್ಲಿ ಐದು ದಿನ ಹಿಂದಿನ ದಿನಾಂಕವಿರುವುದು.

ಹುಡುಗನು ಆ ದಿನ ಸಂಜೆ ನಮ್ಮ ಜಗಲಿಯ ಮೇಲೆ ಬಂದು ಕುಳಿತನು. “ಮೇಷ್ಟ್ರೇ, ಸೂಜಿ ನಿಜ, ತಾರೀಖು ಒಂದೇ ಸುಳ್ಳು. ಇದರಿಂದ ಯಾರ ಗಂಟು ಹೋಗುತ್ತೆ ಹೇಳಿ. ನಮ್ಮಮ್ಮ ಮಾತ್ರ, ಮೇಷ್ಟ್ರನ್ನ ಕೇಳದೆ ದುಡ್ಡು ಕೊಡಬೇಡ ಅಂತ ಹಟ ಹಿಡಿದವಳೆ” ಎಂದನು.

ಸುಳ್ಳು ಪತ್ರವನ್ನು ಕೈಯಲ್ಲಿ ಹಿಡಿದು ಪರದೇಶದ ಹೊಸಲು ದಾಟುವುದು ತಪ್ಪೆಂದು ನಾನು ಹೇಳಿದೆನು. ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, ಮೆಲ್ಲಗೆ, “ನನ್ನ ಪಾಸ್‌ಪೋರ್ಟಿನಲ್ಲಿರೋ ಹುಟ್ಟಿದ ತಾರೀಖು ನೀವು ಬರೆದದ್ದಲ್ವಾ ಮೇಷ್ಟ್ರೇ? ಅದರಿಂದ ಯಾರಿಗೇನಾಯ್ತು?” ಎಂದನು.

ಅವನು ಹೇಳಿದ್ದು ನಿಜ. ಅವನ ತಾಯಿ ಅವನನ್ನು ಶಾಲೆಗೆ ಸೇರಿಸಲು ಕರೆತಂದ ದಿನ ಹುಟ್ಟಿದ ತಾರೀಖನ್ನು ಕೇಳಿದೆನು. ರಾಗಿ ಕೊಯ್ಲಿನ ಹೊತ್ತು, ಹುಣ್ಣಿಮೆಯ ಮಾರನೆಯ ದಿನ ಎಂದು ಆಕೆ ಹೇಳಿದಳು. ಪಂಚಾಂಗವನ್ನು ತಿರುವಿ ನೋಡಿದ್ದರೆ ನಿಜವಾದ ದಿನವು ಸಿಕ್ಕಬಹುದಾಗಿದ್ದಿತು. ಪಂಚಾಂಗ ನೋಡಲು ಬಾರದವನೇನೂ ನಾನಲ್ಲ. ಆದರೆ ಹಾಗೆ ನೋಡಿದರೆ ಸೇರಿಸುವ ವಯಸ್ಸಿಗೆ ಕೆಲವು ತಿಂಗಳು ಕಡಿಮೆಯಾಗುತ್ತಿದ್ದಿತು. ಮಗುವು ಇನ್ನೊಂದು ವರ್ಷ ದನದ ಹಿಂದೆ ಹೋಗಬೇಕಾಗುತ್ತಿದ್ದಿತು. ಆದುದರಿಂದ ದಾಖಲಾತಿಯ ಪುಸ್ತಕದಲ್ಲಿ ಜೂನ್ ತಿಂಗಳ ಒಂದು ದಿನವನ್ನು ಬರೆದು ಸಹಿಮಾಡಿದೆನು. ಅಂತಹ ಜೂನ್ ತಿಂಗಳ ಮಕ್ಕಳು ನಮ್ಮ ಶಾಲೆಯಲ್ಲಿ ಬಹಳ ಮಂದಿ ಇದ್ದರು. ನಮ್ಮ ಶಾಲೆಯಲ್ಲಿ ಮಾತ್ರವಲ್ಲ. ಆ ತಾರೀಖು ವರ್ಗಾವಣೆಯ ಪತ್ರಕ್ಕೆ ಹೋಯಿತು, ಅಂಕಪಟ್ಟಿಗೆ ಹೋಯಿತು, ಕೊನೆಗೆ ಪಾಸ್‌ಪೋರ್ಟಿಗೂ ಹೋಯಿತು. ನಾನು ಕಲಿಸಿದ ಪಾಠವನ್ನೇ ಹುಡುಗನು ನನಗೆ ಒಪ್ಪಿಸಿದ್ದನು. “ಬೆಳಗ್ಗೆ ಬಾ, ಹೇಳುತ್ತೇನೆ” ಎಂದು ಅವನನ್ನು ಕಳುಹಿಸಿಕೊಟ್ಟೆನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಪ್ರಶ್ನೆಯನ್ನು ಸರಿಯಾಗಿ ವಿಂಗಡಿಸಿಕೊಂಡರೆ ಅದರಲ್ಲಿ ಮೂರು ಪೂರ್ವಪಕ್ಷಗಳು ಅಡಗಿವೆ. ಸಜ್ಜನನಾದ ಪ್ರಯಾಣಿಕನನ್ನು ಪತ್ರ ತೋರಿಸೆಂದು ಕೇಳುವುದೇ ಅವಮಾನವೆಂಬುದು ಮೊದಲನೆಯದು. ಕೇಳುವವರು ನ್ಯಾಯವಾಗಿ ಕೇಳುತ್ತಿಲ್ಲವಾದುದರಿಂದ ಅವರಿಗೆ ಸತ್ಯವನ್ನು ಹೇಳುವ ಋಣವು ನಮಗಿಲ್ಲವೆಂಬುದು ಎರಡನೆಯದು. ಯಾರಿಗೂ ಹಾನಿ ತಾರದ ಸುಳ್ಳು ಸುಳ್ಳೇ ಅಲ್ಲವೆಂಬುದು ಮೂರನೆಯದು. ಈ ಮೂರನ್ನೂ ಕ್ರಮವಾಗಿ ಪರಾಮರ್ಶಿಸೋಣ.

ಮೊದಲು ಪ್ರಮಾಣವೆಂಬ ಶಬ್ದವನ್ನೇ ತೆಗೆದುಕೊಳ್ಳೋಣ. ನಮ್ಮ ಭಾಷೆಯಲ್ಲಿ ಅದಕ್ಕೆ ಅಳತೆಯೆಂದೂ, ಆಣೆಯೆಂದೂ, ಯಥಾರ್ಥಜ್ಞಾನದ ಸಾಧನವೆಂದೂ ಅರ್ಥಗಳುಂಟು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಲಸಿಕೆಯ ಪತ್ರವು ಇವುಗಳಲ್ಲಿ ಯಾವುದು? ಸಿಡುಬಿನ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ದೇವಿ ಹಾಕಿಸಿಕೊಂಡವನ ತೋಳಿನ ಮೇಲೆ ದುಂಡನೆಯ ಕಲೆ ಉಳಿಯುತ್ತಿದ್ದಿತು. ನನ್ನ ತೋಳಿನಲ್ಲಿ ಈಗಲೂ ಇದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಕಲೆಯಿಂದ ಲಸಿಕೆಯನ್ನು ಊಹಿಸಬಹುದಾಗಿದ್ದಿತು. ೧೮೦೫ನೆಯ ಇಸವಿಯ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರಿನ ಮೂವರು ರಾಜಸ್ತ್ರೀಯರನ್ನು ಚಿತ್ರಿಸಿದ ಪಟವೊಂದಿದೆ. ಅದರಲ್ಲಿ ಎಳೆಯ ರಾಣಿಯೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಆಗತಾನೆ ನಾಡಿಗೆ ಬಂದಿದ್ದ ಲಸಿಕೆಯನ್ನು ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ಕಾಣಿಸುವುದಕ್ಕಾಗಿಯೇ ಎಂದು ಇತಿಹಾಸಜ್ಞರಲ್ಲಿ ಕೆಲವರು ಹೇಳಿದ್ದಾರೆ. ಅಲ್ಲಿ ಶರೀರವೇ ಪತ್ರವಾಗಿದ್ದಿತು. ಅದನ್ನು ಕದಿಯುವುದೂ ಸಾಧ್ಯವಿರಲಿಲ್ಲ, ತಿದ್ದುವುದೂ ಸಾಧ್ಯವಿರಲಿಲ್ಲ.

ಈಗಿನ ಲಸಿಕೆಗಳಲ್ಲಿ ಹೆಚ್ಚಿನವು ಮೈಮೇಲೆ ಗುರುತನ್ನು ಉಳಿಸುವುದಿಲ್ಲ. ಆದುದರಿಂದ ಪ್ರತ್ಯಕ್ಷವೂ ಅನುಮಾನವೂ ಇಲ್ಲಿ ಕೆಲಸಕ್ಕೆ ಬಾರವು. ಉಳಿದದ್ದು ಶಬ್ದಪ್ರಮಾಣ ಮಾತ್ರ. ಶಬ್ದಕ್ಕೆ ಬಲವು ಬರುವುದು ಆಡುವವನು ಆಪ್ತನಾದಾಗ. ಆಪ್ತನೆಂದರೆ ನೆಂಟನಲ್ಲ, ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿದ್ದಾನೆ. ಅಂದರೆ ಜಾತಿಯನ್ನೂ ದೇಶವನ್ನೂ ನೋಡಿ ಸಾಕ್ಷಿಯನ್ನು ನಂಬುವುದಲ್ಲ. ಅರಿವನ್ನೂ ಪ್ರಾಮಾಣಿಕತೆಯನ್ನೂ ನೋಡಿ ನಂಬುವುದು. ಈ ಮಾತನ್ನು ಮುಂದೆ ಇನ್ನೊಮ್ಮೆ ನೆನೆಯಬೇಕಾಗುವುದು.

ಹೀಗಿರುವಲ್ಲಿ ಮೊದಲನೆಯ ಪೂರ್ವಪಕ್ಷವು ನಿಲ್ಲುವುದಿಲ್ಲ. ನಾನು ಸತ್ಯವಂತನೆಂಬುದು ನನ್ನ ಮಾತಿಗೆ ಸಂಬಂಧಿಸಿದ್ದು. ನನ್ನ ರಕ್ತದಲ್ಲಿ ರೋಗದ ಬೀಜವಿಲ್ಲವೆಂಬುದು ನನಗೇ ತಿಳಿಯದ ಸಂಗತಿ. ತಿಳಿಯದ್ದನ್ನು ಕುರಿತು ನಾನು ಎಷ್ಟು ಆಣೆಯಿಟ್ಟರೂ ಆಪ್ತನಾಗಲಾರೆನು. ಆದುದರಿಂದ ಗಡಿಯ ಅಧಿಕಾರಿಯು ವೈದ್ಯನ ಪತ್ರವನ್ನು ಕೇಳಿದಾಗ ನನ್ನ ಶೀಲವನ್ನು ಶಂಕಿಸಿದಂತಾಗುವುದಿಲ್ಲ; ನಾನು ಉತ್ತರಿಸಲಾರದ ಪ್ರಶ್ನೆಯನ್ನು ಉತ್ತರಿಸಬಲ್ಲವನಿಗೆ ಕೇಳಿದಂತಾಗುವುದು. ಸಮುದ್ರವನ್ನು ದಾಟಿ ಹೋದ ಆಂಜನೇಯನೂ ಬರಿಗೈಯಲ್ಲಿ ಹೋಗಲಿಲ್ಲ. ರಾಮನ ಮುದ್ರೆಯುಂಗುರವನ್ನು ಕೊಂಡೊಯ್ದನು. ಅಶೋಕವನದಲ್ಲಿ ಸೀತಾದೇವಿಯು ಮೊದಲು ಅವನನ್ನು ಶಂಕಿಸಿದಳು. ಮಾಯಾವಿಗಳ ನಡುವೆ ಇದ್ದವಳು ಶಂಕಿಸಬೇಕಾದದ್ದೇ ಸರಿ. ಅದಕ್ಕೆ ಆಂಜನೇಯನು ಮುನಿಯಲಿಲ್ಲ, ಉಂಗುರವನ್ನು ಮುಂದಿಟ್ಟನು. ನಮ್ಮೂರಿಗೆ ಸಮೀಪವಾದ ತಿರುಮೇನಹಳ್ಳಿಯಲ್ಲಿ ಹಜ್ ಭವನವಿದೆ. ಮೆಕ್ಕಾಯಾತ್ರೆಗೆ ಹೋಗುವವರು ಮೆದುಳಿನ ಪೊರೆಗೆ ತಗಲುವ ಜ್ವರಕ್ಕೆ, ಅಲ್ಲಿಗೆ ತಲಪುವುದಕ್ಕೆ ಹತ್ತು ದಿನವಾದರೂ ಮುಂಚೆ, ಲಸಿಕೆ ಹಾಕಿಸಿಕೊಂಡು ಪತ್ರವನ್ನು ಒಯ್ಯಬೇಕೆಂದು ಸೌದಿ ಸರಕಾರದ ಕಟ್ಟಳೆ. ಲಕ್ಷಾಂತರ ಜನರು ಭುಜಕ್ಕೆ ಭುಜ ತಾಗುವಂತೆ ಸೇರುವ ಜಾಗವಾದುದರಿಂದ ಹಾಗೆ. ಆ ಯಾತ್ರಿಕರು ಇದರಿಂದ ತಮ್ಮ ಭಕ್ತಿಗೆ ಕುಂದಾಯಿತೆಂದು ಎಣಿಸುವುದಿಲ್ಲ.

ಆದರೂ ಹಳೆಯ ಕಾಲದಲ್ಲಿ ಇಲ್ಲದ ಈ ಪತ್ರವು ಈಗ ಏತಕ್ಕೆ ಬಂದಿತು? ಇದಕ್ಕೆ ಕಾರಣವು ವೇಗ. ಹಳದಿ ಜ್ವರದ ವಿಷವು ಒಬ್ಬನ ಶರೀರವನ್ನು ಹೊಕ್ಕ ಮೇಲೆ ಮೂರರಿಂದ ಆರು ದಿನಗಳೊಳಗೆ ಜ್ವರವು ಕಾಣಿಸುತ್ತದೆ. ಹಡಗುಗಳ ಕಾಲದಲ್ಲಿ ಸಮುದ್ರಯಾನಕ್ಕೆ ವಾರಗಳು ಹಿಡಿಯುತ್ತಿದ್ದವು. ರೋಗವಿದ್ದರೆ ದಾರಿಯಲ್ಲಿಯೇ ಹೊರಬೀಳುತ್ತಿದ್ದಿತು. ಕಾಲವೇ ಸಾಕ್ಷಿಯಾಗಿದ್ದಿತು. ೧೯೧೪ರಲ್ಲಿ ಪನಾಮಾ ಕಾಲುವೆಯು ತೆರೆದು ಅಮೆರಿಕಕ್ಕೂ ಏಷ್ಯಕ್ಕೂ ದಾರಿಯು ಹತ್ತಿರವಾದಾಗಲೇ ಈ ರೋಗವು ಹಿಂದೂದೇಶಕ್ಕೆ ಬಂದೀತೆಂದು ವೈದ್ಯರು ಅಂಜಿದ್ದರು. ವಿಮಾನವು ಬಂದ ಮೇಲೆ ಆ ಅಂಜಿಕೆಯು ಇಮ್ಮಡಿಯಾಯಿತು. ಈಗ ಮನುಷ್ಯನು ಒಂದು ದಿನದೊಳಗೆ ಆಫ್ರಿಕದಿಂದ ದೇವನಹಳ್ಳಿಗೆ ಬಂದಿಳಿಯುತ್ತಾನೆ. ಅವನೊಡನೆ ಬಂದ ರೋಗವು ನಾಲ್ಕು ದಿನ ಕಳೆದು ಅವನ ಊರಿನಲ್ಲಿ ಕಣ್ಣು ತೆರೆಯಬಹುದು. ನಮ್ಮ ದೇಶದಲ್ಲಿ ಈ ರೋಗವಿಲ್ಲ. ಆದರೆ ಇದನ್ನು ಹರಡುವ ಈಡಿಸ್ ಎಂಬ ಸೊಳ್ಳೆಯು ಧಾರಾಳವಾಗಿದೆ. ಮಳೆಗಾಲ ಬಂದರೆ ಬೆಂಗಳೂರಿನಲ್ಲಿ ಡೆಂಗಿ ಜ್ವರವನ್ನು ಹರಡುವುದೂ ಅದೇ ಸೊಳ್ಳೆ. ಟ್ಯಾಂಕರಿನ ನೀರನ್ನು ನಾವು ಹಿಡಿದಿಡುವ ಪೀಪಾಯಿಗಳಲ್ಲಿ, ತೊಟ್ಟಿಗಳಲ್ಲಿ, ಎಸೆದ ತೆಂಗಿನ ಚಿಪ್ಪುಗಳಲ್ಲಿ ಅದು ಹುಟ್ಟುತ್ತದೆ. ಒಲೆಯಲ್ಲಿ ಸೌದೆಯು ಒಟ್ಟಿದೆ, ಕಿಡಿಯೊಂದು ಬಂದಿಲ್ಲ ಎನ್ನುವ ಸ್ಥಿತಿ ನಮ್ಮದು. ಆದುದರಿಂದಲೇ ಹಳದಿ ಜ್ವರವಿರುವ ದೇಶದಿಂದ ಪತ್ರವಿಲ್ಲದೆ ಬಂದವರನ್ನು ಭಾರತ ಸರಕಾರವು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ. ಇದನ್ನು ಕಂಡರೆ ಆ ಹಳದಿ ಪುಸ್ತಿಕೆಯ ತತ್ತ್ವವು ತಿಳಿಯುತ್ತದೆ. ವಿಮಾನವು ಕಿತ್ತುಕೊಂಡ ಆ ಆರು ದಿನಗಳಿಗೆ ಬದಲಾಗಿ ಕೊಟ್ಟ ಜಾಮೀನು ಅದು.

ಇನ್ನು ಎರಡನೆಯ ಪೂರ್ವಪಕ್ಷಕ್ಕೆ ಬರೋಣ. ಕೇಳುವವರು ನ್ಯಾಯವಂತರೇ? ಎಲ್ಲ ಕಾಲದಲ್ಲಿಯೂ ಆಗಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಪ್ಲೇಗಿನ ಕಥೆಯನ್ನು ನಮ್ಮ ಹಿರಿಯರಿಂದ ಕೇಳದವರು ಈ ಕಡೆಯಲ್ಲಿ ಯಾರಿದ್ದಾರೆ? ೧೮೯೬ರಲ್ಲಿ ಮುಂಬಯಿಗೆ ಬಂದ ಆ ಮಾರಿಯು ರೈಲಿನ ಹಾದಿಯಲ್ಲಿ ಹುಬ್ಬಳ್ಳಿಗೆ ಬಂದು, ೧೮೯೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮದರಾಸು ಆಧಿಪತ್ಯದೊಳಕ್ಕೆ ರೋಗದ ಸೀಮೆಯಿಂದ ಹೋಗುವವನು ಪ್ಲೇಗಿನ ರಹದಾರಿಯನ್ನು ಪಡೆದು, ಹತ್ತು ದಿನಗಳ ಕಾಲ ದಿನವೂ ಅಧಿಕಾರಿಗಳ ಮುಂದೆ ಹಾಜರಾಗಬೇಕಾಗಿದ್ದಿತು. ಹಾಫ್ಕಿನ್ ಎಂಬ ವಿದ್ವಾಂಸನು ೧೮೯೭ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಹಾಕಿಸಿಕೊಂಡವರಿಗೆ ಪತ್ರವನ್ನು ಕೊಟ್ಟು, ಪತ್ರವುಳ್ಳವರಿಗೆ ಕೆಲವು ನಿರ್ಬಂಧಗಳನ್ನು ಸಡಿಲಿಸುವ ಪದ್ಧತಿಯು ಮುಂಬಯಿ ಆಧಿಪತ್ಯದಲ್ಲಿ ಆಗಲೇ ಹುಟ್ಟಿತು. ಲಸಿಕೆಯ ಪತ್ರಕ್ಕೂ ಪ್ರಯಾಣಕ್ಕೂ ಗಂಟುಬಿದ್ದ ಕಥೆಯು ಕನ್ನಡನಾಡಿಗೆ ಹೊಸದಲ್ಲ.

ಆ ಕಾಲದಲ್ಲಿ ಉದ್ದೇಶವು ಒಳ್ಳೆಯದಾಗಿದ್ದರೂ ನಡೆವಳಿಕೆಯು ಕ್ರೂರವಾಗಿದ್ದಿತು. ಪುಣೆಯಲ್ಲಿ ಸೈನಿಕರು ಮನೆಮನೆಗಳನ್ನು ಹೊಕ್ಕು ದೇವರ ಕೋಣೆಯನ್ನೂ ಹೆಂಗಸರ ಮರ್ಯಾದೆಯನ್ನೂ ಲೆಕ್ಕಿಸದೆ ಶೋಧಿಸಿದರು. ಅದರ ಫಲವಾಗಿ ೧೮೯೭ರ ಜೂನ್ ತಿಂಗಳಲ್ಲಿ ಪ್ಲೇಗಿನ ಅಧಿಕಾರಿಯಾದ ರ್‍ಯಾಂಡನ ಕೊಲೆಯೇ ನಡೆಯಿತು. ಕೇಳುವ ಹಕ್ಕು ಇದ್ದರೆ ಸಾಲದು, ಕೇಳುವ ರೀತಿಯೂ ಬೇಕೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನವಿಲ್ಲ.

ನಮ್ಮ ಕಾಲದಲ್ಲಿಯೂ ಅನ್ಯಾಯವು ನಡೆದಿದೆ. ಕೊರೊನಾ ಮಾರಿಯ ಸಮಯದಲ್ಲಿ, ೨೦೨೧ರಲ್ಲಿ, ಲಸಿಕೆಯ ಪತ್ರವಿಲ್ಲದೆ ದೇಶದೇಶಗಳ ಬಾಗಿಲುಗಳು ತೆರೆಯದಾದವು. ಆಕ್ಸ್‌ಫರ್ಡಿನಲ್ಲಿ ರೂಪಿಸಿದ ಲಸಿಕೆಯನ್ನೇ ನಮ್ಮ ಪುಣೆಯಲ್ಲಿ ತಯಾರಿಸಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಕೊಡುತ್ತಿದ್ದರು. ಆದರೂ ಇಂಗ್ಲೆಂಡಿನವರು ಮೊದಲು ಆ ಹೆಸರನ್ನು ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಲಸಿಕೆಯನ್ನು ಒಪ್ಪಿದ ಮೇಲೂ ನಮ್ಮ ಪತ್ರವನ್ನು ಒಪ್ಪಲಿಲ್ಲ. ಪತ್ರದಲ್ಲಿ ವಯಸ್ಸು ಮಾತ್ರ ಇದ್ದು ಪೂರ್ಣವಾದ ಜನ್ಮದಿನಾಂಕವಿಲ್ಲವೆಂಬುದು ಆಕ್ಷೇಪಗಳಲ್ಲೊಂದು. ಪ್ರತಿಯಾಗಿ ನಮ್ಮ ಸರಕಾರವೂ ಅಲ್ಲಿಂದ ಬರುವವರಿಗೆ ಹತ್ತು ದಿನಗಳ ಪ್ರತ್ಯೇಕವಾಸವನ್ನು ವಿಧಿಸಿತು. ಅಕ್ಟೋಬರ್ ೧೧ರಿಂದ ಅವರು ನಮ್ಮ ಪತ್ರವನ್ನು ಅಂಗೀಕರಿಸಿದರು. ನಾವೂ ನಮ್ಮ ಆಜ್ಞೆಯನ್ನು ಹಿಂತೆಗೆದುಕೊಂಡೆವು. ಹೈದರಾಬಾದಿನಲ್ಲಿ ತಯಾರಾದ ಕೋವ್ಯಾಕ್ಸಿನ್ನನ್ನು ಹಾಕಿಸಿಕೊಂಡವರು ನವೆಂಬರ್ ೩ರಂದು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯು ಬರುವವರೆಗೂ ಅನೇಕ ದೇಶಗಳ ಬಾಗಿಲಿನಲ್ಲಿ ನಿಲ್ಲಬೇಕಾಯಿತು. ಮಕ್ಕಳ ಬಾಣಂತನಕ್ಕೆ ಹೋಗಬೇಕಾಗಿದ್ದ ತಾಯಂದಿರು, ಓದಲು ಹೋಗಬೇಕಾಗಿದ್ದ ಹುಡುಗರು ಕಣ್ಣೀರಿಟ್ಟದ್ದನ್ನು ನಾವೆಲ್ಲರೂ ಬಲ್ಲೆವು. ವಾತ್ಸ್ಯಾಯನನ ಮಾತನ್ನು ಮರೆತಿದ್ದೇ ಇಲ್ಲಿಯ ದೋಷ. ಸಾಕ್ಷಿಯನ್ನು ಅದರ ಗುಣದಿಂದ ಅಳೆಯದೆ ಅದು ಬಂದ ದೇಶದಿಂದ ಅಳೆದರು.

ಆದುದರಿಂದ ಪ್ರಮಾಣವನ್ನು ಕೇಳುವವನಿಗೂ ಧರ್ಮವುಂಟೆಂದು ಹೇಳಬೇಕಾಗುತ್ತದೆ. ಅಪಾಯವು ನಿಜವಾಗಿ ಇರಬೇಕು, ಪತ್ರವು ಆ ಅಪಾಯದ ವಿಷಯದಲ್ಲಿ ನಿಜವಾಗಿಯೂ ಏನನ್ನಾದರೂ ಹೇಳುವಂತಿರಬೇಕು, ಅಳತೆಯು ಎಲ್ಲರಿಗೂ ಒಂದೇ ಆಗಿರಬೇಕು, ಅಶಕ್ತರಿಗೆ ವಿನಾಯಿತಿಯಿರಬೇಕು, ಅಪಾಯವು ಕಳೆದ ದಿನ ಕೇಳುವುದನ್ನು ನಿಲ್ಲಿಸಬೇಕು. ಕೊರೊನಾ ಲಸಿಕೆಯು ಸೋಂಕು ಹರಡುವುದನ್ನು ಎಷ್ಟರಮಟ್ಟಿಗೆ ತಡೆಯುವುದೆಂಬುದು ನಿಶ್ಚಯವಾಗದೆ, ಬಡದೇಶಗಳಿಗೆ ಲಸಿಕೆಯೇ ದೊರೆಯದೆ ಇರುವಾಗ ಅದರ ಪತ್ರವನ್ನು ಪ್ರಯಾಣಕ್ಕೆ ಷರತ್ತಾಗಿ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ೨೦೨೧ರಲ್ಲಿ ಸಲಹೆ ಕೊಟ್ಟಿದ್ದಿತು. ಮುಂದೆ ಒಂದೊಂದಾಗಿ ದೇಶಗಳು ಆ ಷರತ್ತನ್ನು ಕೈಬಿಟ್ಟವು. ಸಿಡುಬಿನ ಕಥೆಯೂ ಹೀಗೆಯೇ. ೧೯೮೦ರಲ್ಲಿ ಆ ರೋಗವು ಭೂಮಿಯಿಂದಲೇ ತೊಲಗಿತೆಂದು ಸಾರಿದ ಮೇಲೆ ಅದರ ಪತ್ರವನ್ನು ಯಾರೂ ಕೇಳುವುದಿಲ್ಲ. ಹಳದಿ ಜ್ವರದ ಪತ್ರವನ್ನು ಮೊದಲು ಹತ್ತು ವರ್ಷಕ್ಕೊಮ್ಮೆ ಹೊಸದುಮಾಡಿಕೊಳ್ಳಬೇಕಾಗಿದ್ದಿತು. ಒಂದು ಸಲದ ಲಸಿಕೆಯೇ ಜೀವಮಾನಕ್ಕೆ ಸಾಕೆಂದು ತಿಳಿದ ಮೇಲೆ ೨೦೧೬ನೆಯ ಇಸವಿ ಜುಲೈ ೧೧ರಿಂದ ಆ ನಿಯಮವನ್ನು ತೆಗೆದರು. ದೇಹಸ್ಥಿತಿಯ ದೆಸೆಯಿಂದ ಲಸಿಕೆಯನ್ನು ಹಾಕಿಸಿಕೊಳ್ಳಲಾಗದವರಿಗೆ ವೈದ್ಯರು ಕಾರಣವನ್ನು ಬರೆದುಕೊಡುವುದಕ್ಕೂ ನಿಯಮದಲ್ಲಿ ಎಡೆಯುಂಟು. ಅರಿವು ಬದಲಾದಂತೆ ಬದಲಾಗುವ ಕಟ್ಟಳೆಯು ಹಟದ ಕಟ್ಟಳೆಯಲ್ಲ. ಹೀಗೆ ನೋಡಿದರೆ ನಮ್ಮ ಹುಡುಗನ ಮುಂದಿದ್ದ ಹಳದಿ ಪುಸ್ತಿಕೆಯು ನ್ಯಾಯವಾದ ಬೇಡಿಕೆಯೆಂದೇ ಹೇಳಬೇಕು. ಅನ್ಯಾಯವಾಗಿದ್ದರೂ ಅದನ್ನು ಬಹಿರಂಗವಾಗಿ ವಿರೋಧಿಸಬೇಕೇ ಹೊರತು ಸುಳ್ಳು ಪತ್ರದಿಂದ ನುಸುಳುವುದು ಪರಿಹಾರವಾಗದು. ೨೦೨೧ರಲ್ಲಿ ನಮ್ಮವರು ವಾದಿಸಿಯೇ ಗೆದ್ದರು.

ಉಳಿದದ್ದು ಮೂರನೆಯ ಪೂರ್ವಪಕ್ಷ; ನಿಜವಾಗಿ ಗಟ್ಟಿಯಾದದ್ದು ಇದೊಂದೇ. ಹುಡುಗನಿಗೆ ರೋಗವಿಲ್ಲ. ಅವನು ಹೋಗುವುದು ರೋಗವಿಲ್ಲದ ದೇಶದಿಂದ. ಅವನು ಹಿಂದಿರುಗುವುದು ಎರಡು ವರ್ಷಗಳ ಮೇಲೆ; ಅಷ್ಟರಲ್ಲಿ ಅವನ ಶರೀರವು ಪೂರ್ಣವಾಗಿ ರಕ್ಷಿತವಾಗಿರುತ್ತದೆ. ಕೆಲವು ದಿನಗಳ ಅಪಾಯವಿದ್ದರೆ ಅವನೊಬ್ಬನಿಗೇ. ಹಾಗಾದರೆ ಹಾನಿಯು ಯಾರಿಗೆ?

ಆ ರಾತ್ರಿ ಬಹಳ ಹೊತ್ತು ಯೋಚಿಸಿದ ಮೇಲೆ ನನಗೆ ತೋರಿದ್ದು ಇದು. ಹಾನಿಯನ್ನು ನಾವು ಉಗಾಂಡಾದಲ್ಲಿ ಹುಡುಕುತ್ತಿದ್ದೇವೆ. ಅದು ಇರುವುದು ಅವನ ಬೆನ್ನ ಹಿಂದಿನ ಸಾಲಿನಲ್ಲಿ. ಆ ಪತ್ರದ ಬೆಲೆಯು ಅದರ ಕಾಗದದಲ್ಲಿಲ್ಲ, ಮೊಹರಿನಲ್ಲಿಯೂ ಇಲ್ಲ. ಅಂತಹ ಪತ್ರಗಳೆಲ್ಲ ನಿಜವಾಗಿರುತ್ತವೆಯೆಂಬ ಎಲ್ಲರ ನಂಬಿಕೆಯಲ್ಲಿದೆ. ಆ ನಂಬಿಕೆಯನ್ನು ನಮ್ಮ ಹುಡುಗನು ಸಂಪಾದಿಸಿದ್ದಲ್ಲ. ಅವನಿಗಿಂತ ಮುಂಚೆ ಹತ್ತು ದಿನ ಕಾದು ಹೋದ ಸಾವಿರಾರು ಅಪರಿಚಿತರು ಸಂಪಾದಿಸಿಟ್ಟದ್ದು. ಅದು ಊರ ಕೆರೆಯಂತೆ. ಏರಿಯಲ್ಲಿ ಒಂದು ಸಣ್ಣ ಬಿಲವನ್ನು ಕೊರೆದು ತನ್ನ ಗದ್ದೆಗೆ ನೀರು ಬಿಟ್ಟುಕೊಂಡವನು ಒಂದು ಕೊಡದಷ್ಟನ್ನೇ ತೆಗೆದುಕೊಂಡೆನೆನ್ನಬಹುದು. ಬಿಲವು ಕೊಡದ ಲೆಕ್ಕವನ್ನು ಕೇಳುವುದಿಲ್ಲ. ಐದು ದಿನವನ್ನು ಹಿಂದಕ್ಕೆ ಬರೆದುಕೊಡುವ ದಲ್ಲಾಳಿಯು ನಾಳೆ ಸೂಜಿಯನ್ನೇ ಕಾಣದವನಿಗೂ ಅದೇ ಪುಸ್ತಿಕೆಯನ್ನು ಕೊಡುತ್ತಾನೆ. ನಮ್ಮ ಹುಡುಗನ ಹಣವು ಆ ಅಂಗಡಿಗೆ ಬಂಡವಾಳವಾಗುತ್ತದೆ. ಎರಡು ಪುಸ್ತಿಕೆಗಳಿಗೂ ಬಣ್ಣ ಒಂದೇ. ಗಡಿಯವನಿಗೆ ಭೇದವು ಕಾಣದು. ಒಂದು ದಿನ ಭೇದವು ಹೊರಬಿದ್ದಾಗ ಭಾರತದಿಂದ ಬಂದ ಪತ್ರಗಳೆಲ್ಲವೂ ಶಂಕೆಗೆ ಈಡಾಗುತ್ತವೆ. ನಮ್ಮ ಪತ್ರವನ್ನು ಪರದೇಶದವರು ನಂಬಲಿಲ್ಲವೆಂದು ೨೦೨೧ರಲ್ಲಿ ನಾವು ನ್ಯಾಯವಾಗಿ ಕೋಪಿಸಿಕೊಂಡೆವು. ಆ ಕೋಪಕ್ಕೆ ಹಕ್ಕು ಇರುವುದು ನಮ್ಮ ಪತ್ರಗಳು ನಿಜವಾಗಿರುವವರೆಗೆ ಮಾತ್ರ. ಸುಳ್ಳು ದಿನಾಂಕವುಳ್ಳ ಪ್ರತಿಯೊಂದು ಪುಸ್ತಿಕೆಯೂ ನಮ್ಮನ್ನು ನಂಬದವನ ಕೈಗೆ ನಾವೇ ಕೊಟ್ಟ ಸಾಕ್ಷಿ. ಆದುದರಿಂದ ಪ್ರಮಾಣಪತ್ರವು ಅದನ್ನು ಹಿಡಿದವನೊಬ್ಬನ ಸ್ವತ್ತಲ್ಲ; ಅದನ್ನು ಹಿಡಿಯುವವರೆಲ್ಲರ ಸ್ವತ್ತು ಅವನಲ್ಲಿ ನ್ಯಾಸವಾಗಿ ಇದೆ. ಇದೇ ಈ ವಿಚಾರದ ಸಿದ್ಧಾಂತವೆಂದು ನನ್ನ ಮತಿಗೆ ತೋರುತ್ತದೆ.

ಇಷ್ಟನ್ನು ಹೇಳಿದ ಮೇಲೆ ನನ್ನ ಜೂನ್ ತಿಂಗಳ ಮಕ್ಕಳ ಮಾತೇನು? ಮಗುವು ಒಂದು ವರ್ಷ ಮುಂಚೆ ಅಕ್ಷರ ಕಲಿಯಲೆಂಬ ಕರುಣೆಯಿಂದ ಬರೆದೆನೆಂದು ಸಮಾಧಾನ ಹೇಳಿಕೊಳ್ಳಬಹುದು, ಅದು ಸುಳ್ಳಲ್ಲ. ಜನ್ಮದಿನವನ್ನು ನಂಬಿ ಯಾರೂ ತಮ್ಮ ಪ್ರಾಣವನ್ನು ಒಡ್ಡುವುದಿಲ್ಲ, ಲಸಿಕೆಯ ದಿನವನ್ನು ನಂಬಿ ಒಡ್ಡುತ್ತಾರೆ ಎಂದು ಭೇದವನ್ನೂ ಹೇಳಬಹುದು, ಅದೂ ಸುಳ್ಳಲ್ಲ. ಆದರೆ ಆಪ್ತನ ಎರಡು ಲಕ್ಷಣಗಳಲ್ಲಿ ಒಂದೂ ಆ ಸಹಿಯಲ್ಲಿರಲಿಲ್ಲ. ನಾನು ಅರಿತದ್ದನ್ನು ಬರೆಯಲಿಲ್ಲ. ಅರಿಯಬಹುದಾಗಿದ್ದುದನ್ನು ಅರಿಯಲೂ ಇಲ್ಲ. ಕಾಗದದಲ್ಲಿ ಬರೆದದ್ದು ನಡೆದದ್ದಕ್ಕೆ ಸರಿಯಾಗಿರಬೇಕಾಗಿಲ್ಲ, ಕೇಳುವವರಿಗೆ ಸರಿಯಾಗಿದ್ದರೆ ಸಾಕು ಎಂಬ ಪಾಠವನ್ನು ಆ ತಾಯಂದಿರೂ ಮಕ್ಕಳೂ ಊರಿನ ಮೇಷ್ಟರ ಮೇಜಿನ ಮುಂದೆಯೇ ಮೊದಲು ಕಲಿತರು. ದಲ್ಲಾಳಿಯು ಅದನ್ನು ಮುಂದುವರಿಸಿದನು ಅಷ್ಟೆ. ಸರಿಯಾದ ಮಾರ್ಗವು ಆಗಲೂ ಒಂದಿದ್ದಿತು: ನಿಜವಾದ ದಿನವನ್ನು ಬರೆದು, ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿಕೊಂಡು, ಹೆಸರನ್ನು ಮರುವರ್ಷ ದಾಖಲುಮಾಡಬಹುದಾಗಿದ್ದಿತು. ಅದಕ್ಕೆ ಬೇಕಾಗಿದ್ದುದು ನನ್ನ ಕಡೆಯಿಂದ ಸ್ವಲ್ಪ ಶ್ರಮ.

ಬೆಳಗ್ಗೆ ಹುಡುಗನು ಬಂದನು. ಅವನ ತಾಯಿಯೂ ಬಂದಳು. ಮೊದಲು ಆಕೆಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆನು. ಆಮೇಲೆ ಮೇಲಿನ ಮಾತುಗಳನ್ನು ಅವರಿಗೆ ತಿಳಿಯುವಂತೆ ಹೇಳಿದೆನು. ಆಕೆಯು ಶಾಸ್ತ್ರವನ್ನು ಕೇಳಲಿಲ್ಲ. ಕೆರೆಯ ಮಾತನ್ನು ಮಾತ್ರ ಕೇಳಿ, “ಏರಿ ಕೊರೆಯೋದು ಬ್ಯಾಡ ಕಣಪ್ಪ” ಎಂದು ಮಗನಿಗೆ ಹೇಳಿದಳು. ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿದರೆ ತಗಲುವ ಹಣದಲ್ಲಿ ಅರ್ಧವನ್ನು ನನ್ನ ಪಿಂಚಣಿಯಿಂದ ಕೊಡುವೆನೆಂದೆನು. ಆಕೆ ಬೇಡವೆಂದಳು, ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು ತೆಗೆದುಕೊಂಡನು. ಅದು ನನಗೆ ಸಂತೋಷವನ್ನೇ ಉಂಟುಮಾಡಿತು. ಅವನು ಆ ದಿನವೇ ಲಸಿಕೆಯನ್ನು ಹಾಕಿಸಿಕೊಂಡು, ನಿಜವಾದ ತಾರೀಖುಳ್ಳ ಪುಸ್ತಿಕೆಯನ್ನು ಪಡೆದು, ಹನ್ನೆರಡನೆಯ ದಿನ ಹೊರಟನು. ತಡವಾದುದಕ್ಕೆ ಅಲ್ಲಿಯ ಯಜಮಾನನು ಅವನ ಮೊದಲ ತಿಂಗಳ ಸಂಬಳದಲ್ಲಿ ಹಿಡಿದುಕೊಂಡನೆಂದು ಆಮೇಲೆ ತಿಳಿಯಿತು.

ಅಲ್ಲಿಗೆ ತಲಪಿದ ಮಾರನೆಯ ದಿನ ಅವನು ದೂರವಾಣಿಯಲ್ಲಿ ಮಾತನಾಡಿದನು. “ಮೇಷ್ಟ್ರೇ, ಅಲ್ಲಿ ಕೂತಿದ್ದವರು ಪುಸ್ತಕವನ್ನ ಬಿಚ್ಚಲೇ ಇಲ್ಲ. ಹಳದಿ ಬಣ್ಣ ನೋಡಿ, ಹೋಗು ಅಂತ ಕೈ ಆಡಿಸಿದರು” ಎಂದು ನಕ್ಕನು. ಅವನ ನಗುವಿನಲ್ಲಿ ಕೊಂಚ ಕಹಿಯೂ ಇದ್ದಿತು; ಇರಬೇಕಾದದ್ದೇ. ಅವನು ಕಳೆದುಕೊಂಡ ಹಣವು ಸಣ್ಣದಲ್ಲ.

ಆದರೆ ಅವನ ಮಾತನ್ನು ಯೋಚಿಸಿದಷ್ಟೂ ನನಗೆ ಸಿದ್ಧಾಂತವು ಇನ್ನೂ ದೃಢವಾಗುತ್ತಿದೆ. ಗಡಿಯವನು ಬಿಚ್ಚಿ ನೋಡದೆ ಬಿಟ್ಟದ್ದು ಏತರ ಬಲದಿಂದ? ಆ ಬಣ್ಣದ ಪುಸ್ತಿಕೆಯನ್ನು ಹಿಡಿದು ಬಂದವರಲ್ಲಿ ಹೆಚ್ಚಿನವರು ಸುಳ್ಳು ಹೇಳಿಲ್ಲವೆಂಬ ಬಲದಿಂದಲೇ. ಬಿಚ್ಚಿ ನೋಡಿದ್ದರೂ ಅವನಿಗೆ ಕಾಣುತ್ತಿದ್ದುದು ತಾರೀಖೊಂದೇ. ಅದು ನಿಜವೆಂದು ಬಲ್ಲವರು ಸೂಜಿ ಹಾಕಿದ ದಾದಿ, ಸಹಿ ಮಾಡಿದ ವೈದ್ಯರು, ನಮ್ಮ ಹುಡುಗ, ಅವನ ತಾಯಿ ಮತ್ತು ನಾನು. ನಮ್ಮ ಹುಡುಗನ ಹಿಂದೆ ನಿಂತಿದ್ದವನನ್ನೂ ಅವನು ಹಾಗೆಯೇ ಬಿಟ್ಟಿರಬೇಕು. ಆ ಮನುಷ್ಯನು ಯಾರೋ, ಯಾವ ಊರಿನವನೋ ನಾವು ತಿಳಿಯೆವು. ಅವನ ಪಾಲಿನ ಋಣವನ್ನು ನಮ್ಮ ಬಾಗಲೂರಿನ ಹುಡುಗನೊಬ್ಬನು ತನ್ನ ಕೈಯ ಹಣವನ್ನು ತೆತ್ತು ಸಲ್ಲಿಸಿದನು.